ಅಮಾವಾಸ್ಯೆಗೆ ಇಳಿಯುವ ಗಾಜು

ಹಳೇ ಮೆಸ್ಸಿನ ಹುಡುಗರ ಫೋನ್ ಗುಂಪಿನಲ್ಲಿ ಮೊನ್ನೆ ಬೆಳಿಗ್ಗೆ ಮೆಸ್ಸಿನ ಅಕ್ಕನ ಫೋಟೊ ಬಂತು. ಸುತ್ತ ಹೂವಿನ ಚೌಕಟ್ಟು, ಮೂಲೆಗಳಲ್ಲಿ ದೀಪ, ಕೆಳಗೆ ದಪ್ಪ ಅಕ್ಷರದಲ್ಲಿ ‘ಅನ್ನಪೂರ್ಣೆ ಇನ್ನಿಲ್ಲ’. ಅದರ ಕೆಳಗೆ ಸಾಲುಗಟ್ಟಿ ಕೈಮುಗಿದ ಚಿತ್ರಗಳು. ಒಬ್ಬ ‘ತಾಯಿ ಸಮಾನ’ ಅಂದಿದ್ದ. ಇನ್ನೊಬ್ಬ ‘ಬಡಿಸುವಾಗ ಮಮತೆಯ ಕಡಲು’ ಅಂದಿದ್ದ. ಅವನು ಬೇರೆ ಯಾವುದೋ ಮೆಸ್ಸಿನಲ್ಲಿ ಉಂಡಿರಬೇಕು.

ನಾನು ಉಂಡ ಮೆಸ್ಸಿನಲ್ಲಿ ರೊಟ್ಟಿ ಬಡಿಸುತ್ತಿರಲಿಲ್ಲ, ಎಸೆಯುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅಕ್ಕ ಬೀಸಿದರೆ ಗೋಡೆ ಪಕ್ಕದ ಕೊನೇ ತಟ್ಟೆಗೂ ಗುರಿ ತಪ್ಪದೆ ಬೀಳುತ್ತಿತ್ತು. ಇನ್ನೊಂದು ಚೂರು ಪಲ್ಯ ಕೇಳಿದರೆ, “ಪಲ್ಯ ತಿನ್ನಾಕ ಬಂದೀಯೋ, ರೊಟ್ಟಿ ತಿನ್ನಾಕ ಬಂದೀಯೋ?” ಎಂಬ ಪ್ರಶ್ನೆ. ಸಾರು ಮಾತ್ರ ಧಾರಾಳ. ಸೌಟು ಬದಿಗಿಟ್ಟು ಪಾತ್ರೆಯನ್ನೇ ಬಗ್ಗಿಸುತ್ತಿದ್ದಳು. ತಟ್ಟೆ ತುಂಬಿ, ಚಾಪೆ ನೆಂದು, ಉಣ್ಣುವವನ ಪ್ಯಾಂಟಿಗೂ ಒಂದು ಪಾಲು ಸಿಗುತ್ತಿತ್ತು. ಸಾಕು ಅಕ್ಕಾ ಅಂದರೆ, “ನೀರಿಗ್ಯಾಕ ಜಿಪುಣತನ ಮಾಡ್ಲಿ” ಅನ್ನುವಳು. ಸಾರಿನ ಒಳಗುಟ್ಟನ್ನು ಅಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ ಇನ್ನೊಬ್ಬ ಮೆಸ್ಸಿನವರನ್ನು ನಾನು ಕಂಡಿಲ್ಲ.

ಸತ್ತವರ ಬಗ್ಗೆ ಹೀಗೆಲ್ಲ ಬರೆಯಬಾರದು ಅನ್ನುವವರಿಗೆ ಒಂದು ಮಾತು. ನಮ್ಮ ಬೀದಿಯ ಮನೆ ಮಾಲೀಕರು ತೀರಿಕೊಂಡಾಗ ಅಕ್ಕನೂ ಹಾರ ಹಿಡಿದು ಹೋಗಿದ್ದಳು. ಬಂದವರೆಲ್ಲ ದೇವರಂಥ ಮನುಷ್ಯ, ದೇವರಂಥ ಮನುಷ್ಯ ಅಂತ ಕಣ್ಣೊರೆಸುತ್ತಿದ್ದರು. ಅಕ್ಕ ಹಾರ ಹಾಕಿ, ಕೈಮುಗಿದು, “ಹೌದ್ರಿ, ದೇವರಂಥವ್ರ. ಎಷ್ಟ್ ಬೇಡಿಕೊಂಡ್ರೂ ನೀರು ಬಿಡ್ತಿರಲಿಲ್ಲ” ಅಂದಳು. ಸತ್ತವರ ಮಗನೇ ಮೊದಲು ನಕ್ಕ. ಹಾಗಾಗಿ ನನಗೆ ಪರವಾನಗಿ ಇದೆ.

ಅಕ್ಕ ಬಾಗಲಕೋಟೆ ಕಡೆಯವಳು. ಬೊಮ್ಮನಹಳ್ಳಿಯಲ್ಲಿ ಗಾರ್ಮೆಂಟ್ಸ್ ಫ್ಯಾಕ್ಟರಿಗಳ ಹಿಂದಿನ ಬೀದಿಯಲ್ಲಿ ತಗಡಿನ ಚಾವಣಿಯ ಒಂದು ಉದ್ದ ಕೋಣೆ, ಅದೇ ಮೆಸ್ಸು. ಉಣ್ಣುವವರಲ್ಲಿ ಮುಕ್ಕಾಲು ಪಾಲು ಅವಳ ಕಡೆಯ ಹುಡುಗರು. ಸೆಂಟ್ರಿಂಗ್ ಕೆಲಸದವರು, ಸೆಕ್ಯುರಿಟಿ ಕೆಲಸದವರು, ಫ್ಯಾಕ್ಟರಿ ಹೆಲ್ಪರುಗಳು. ನಾನೊಬ್ಬ ಕೋಲಾರದವನು, ಮುದ್ದೆ ನುಂಗಿ ಬೆಳೆದವನು, ಕಟಕ್ ಎನ್ನುವ ರೊಟ್ಟಿ ಕಂಡು ಬೆಚ್ಚಿದವನು. ನಮ್ಮಪ್ಪ ಟೊಮೇಟೊ ಮಂಡಿಯಲ್ಲಿ ಹಮಾಲಿ. ನಮ್ಮ ಮನೆತನದಲ್ಲಿ ಡಿಗ್ರಿ ಅನ್ನುವುದು ಅದುವರೆಗೆ ಜ್ವರಕ್ಕೆ ಮಾತ್ರ ಬಂದಿತ್ತು. ನಾನು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮುಗಿಸಿದೆ. ಎರಡು ವಿಷಯಗಳು ನನ್ನನ್ನು ಅಗಲಲಾರದೆ ವರ್ಷಗಟ್ಟಲೆ ಬೆನ್ನು ಹತ್ತಿದವು, ಆದರೂ ಮುಗಿಸಿದೆ. ಇದನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಹತ್ತಿರದಲ್ಲೇ ಕಂಟ್ರೋಲ್ ಪ್ಯಾನೆಲ್ ಮಾಡುವ ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಮೆಸ್ಸಿಗೆ ಸೇರಿದ ದಿನವೇ ಅಕ್ಕನಿಗೂ ಹೇಳಿದೆ.

“ಅಂದ್ರ ಫ್ಯಾನ್ ರಿಪೇರಿ ಬರತೈತಿ?”

“ಅಕ್ಕಾ, ನಾನು ಇಂಜಿನಿಯರ್ರು. ಫ್ಯಾನ್ ರಿಪೇರಿಯವನಲ್ಲ.”

“ಬರಂಗಿಲ್ಲ ಅನ್ನು. ಅಷ್ಟಕ್ಕ ಯಾಕ ಇಂಗ್ಲೀಷ್.”

ಆ ಭಾನುವಾರ ಫ್ಯಾನ್ ರಿಪೇರಿ ಮಾಡಿದೆ. ಆಮೇಲೆ ಮಿಕ್ಸಿ, ಆಮೇಲೆ ನೀರೆತ್ತುವ ಮೋಟರು. ನನಗೆ ‘ಇಂಜಿನೇರ’ ಅನ್ನುವ ಹೆಸರೇ ಖಾಯಂ ಆಯಿತು. ಅದನ್ನು ಅವಳು ಕರೆಯುತ್ತಿದ್ದ ದನಿಯಲ್ಲಿ ಗೌರವ ಎಷ್ಟಿತ್ತು, ಬೈಗುಳ ಎಷ್ಟಿತ್ತು ಎಂದು ಬೇರ್ಪಡಿಸುವ ಮೀಟರ್ ನನ್ನ ಬಳಿ ಇರಲಿಲ್ಲ.

ಅಕ್ಕನ ಗಂಡ ಯಾವುದೋ ಸಾಹೇಬರಿಗೆ ಡ್ರೈವರ್ ಆಗಿದ್ದನಂತೆ. ಸಾಹೇಬರು ಹೊಸ ಕಾರು ಕೊಂಡಾಗ ಹಳೆಯದನ್ನು ಅವನಿಗೇ ಬಿಟ್ಟುಕೊಟ್ಟರು. ಉದ್ದ ಮೂತಿಯ, ಬೆಳ್ಳಿ ಬಣ್ಣ ಮಾಸಿದ ಕಾರು. ನಾಲ್ಕೂ ಬಾಗಿಲಿಗೆ ಪವರ್ ವಿಂಡೋ. ನಮ್ಮ ಬೀದಿಯ ಬೇರೆ ಗಾಡಿಗಳಲ್ಲಿ ಹಿಡಿಕೆ ತಿರುಗಿಸಿ ತಿರುಗಿಸಿ ಗಾಜು ಇಳಿಸಬೇಕಿದ್ದ ಕಾಲದಲ್ಲಿ ಇದರಲ್ಲಿ ಬೆರಳು ಒತ್ತಿದರೆ ಸಾಕು. ಒತ್ತುವ ಗುಂಡಿಗಳು ಬಾಗಿಲಿನಲ್ಲಿರಲಿಲ್ಲ. ಮುಂದಿನ ಎರಡು ಸೀಟುಗಳ ನಡುವೆ, ಗೇರಿನ ಬುಡದಲ್ಲಿ, ನಾಲ್ಕೂ ಗುಂಡಿಗಳು ಒಂದೇ ಹಲಗೆಯಲ್ಲಿದ್ದವು. ಮುಂದೆ ನಡೆದ ರಾದ್ಧಾಂತವೆಲ್ಲ ಅಂಗೈ ಅಗಲದ ಆ ಹಲಗೆಯದು.

ಗಂಡ ಒಂದು ದಿನ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಊರಿನವರೆಲ್ಲ ಗಾಡಿ ಮಾರಿ ವಾಪಸ್ ಬಾ ಅಂದರು. ಅಕ್ಕ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಕಲಿಸುವವನು “ಮೇಡಂ, ಕ್ಲಚ್ ನಿಧಾನ” ಅಂದರೆ, “ನೀ ಸುಮ್ನ ಕುಂಡ್ರಪಾ, ರೊಟ್ಟಿ ನಿಧಾನ ಬಡದ್ರ ಹರೀತೈತಿ” ಅನ್ನುತ್ತಿದ್ದಳಂತೆ. ಅವನು ಲೈಸೆನ್ಸ್ ಬೇಗ ಕೊಡಿಸಿ ಕಳಿಸಿದ. ಅಲ್ಲಿಂದ ಮುಂದೆ ದಿನಾ ಮಧ್ಯಾಹ್ನ ಹಿಂದಿನ ಸೀಟಿನಲ್ಲಿ ರೊಟ್ಟಿ ಡಬ್ಬಿಗಳನ್ನು ಪೇರಿಸಿಕೊಂಡು ಎಲೆಕ್ಟ್ರಾನಿಕ್ ಸಿಟಿಗೆ ಓಡುತ್ತಿದ್ದಳು. ಕಂಪನಿ ಗೇಟುಗಳ ಮುಂದೆ ಅವಳ ಕಡೆಯ ಸಾಫ್ಟ್‌ವೇರ್ ಹುಡುಗರು ಕೊರಳಿಗೆ ಪಟ್ಟಿ ನೇತುಹಾಕಿಕೊಂಡು ಹಸಿದ ಕರುಗಳ ಹಾಗೆ ಕಾಯುತ್ತಿದ್ದರು. ಮೆಸ್ಸಿನ ಬಾಡಿಗೆ, ಹಾಸ್ಟೆಲಿನಲ್ಲಿ ಓದುತ್ತಿದ್ದ ಮಗಳ ಖರ್ಚು, ಎರಡೂ ಹುಟ್ಟುತ್ತಿದ್ದದ್ದು ಆ ಓಟದಿಂದ. ಗಾಡಿ ನಿಂತರೆ ಅಕ್ಕನೂ ನಿಲ್ಲಬೇಕಿತ್ತು.

ಗಂಡ ಹೋದ ಮೇಲೆ ಕಾರಿನ ಗಾಜುಗಳಿಗೆ ಏನೋ ಹೊಕ್ಕಿತು. ಮುಂದಿನದನ್ನು ಒತ್ತಿದರೆ ಹಿಂದಿನದು ಇಳಿಯುವುದು. ಏರಿಸಲು ಒತ್ತಿದರೆ ಅರ್ಧ ಏರಿ, ಏನೋ ಮರೆತವರಂತೆ ನಿಲ್ಲುವುದು. ಹೊಸೂರು ರಸ್ತೆಯಲ್ಲಿ ಹೋಗುತ್ತಿರುವಾಗ ಯಾರೂ ಮುಟ್ಟದೆ ಒಂದು ಗಾಜು ಸರ್ರನೆ ಇಳಿದು ಲಾರಿಗಳ ಧೂಳೆಲ್ಲ ರೊಟ್ಟಿಗೆ ಒಗ್ಗರಣೆ. ಮೊದಲ ಮೆಕ್ಯಾನಿಕ್ ಫ್ಯೂಸ್ ಬದಲಿಸಿದ. ಎರಡನೆಯವನು ಮೋಟರನ್ನೇ ಬದಲಿಸಿದ. ಮೂರನೆಯವನು ಗಾಜು ಜಾರಲಿ ಅಂತ ರಬ್ಬರಿಗೆ ಮುಖಕ್ಕೆ ಹಚ್ಚುವ ಪೌಡರ್ ಸುರಿದ. ಗಾಜು ಇಳಿದಾಗಲೆಲ್ಲ ಕಾರಿನೊಳಗೆ ಮದುವೆ ಮನೆಯ ವಾಸನೆ. ಮಜಾ ಏನೆಂದರೆ ಮೂವರೂ ಗೆದ್ದರು. ಯಾರು ಏನು ಮಾಡಿದರೂ ನಾಲ್ಕೈದು ದಿನದಲ್ಲಿ ಗಾಜು ಸರಿಹೋಗುತ್ತಿತ್ತು. ಮುಂದಿನ ತಿಂಗಳು ಮತ್ತೆ ಕೆಡುತ್ತಿತ್ತು. ಪ್ರತಿ ಸಲವೂ ಅಮಾವಾಸ್ಯೆಗೆ.

ಈ ಅಮಾವಾಸ್ಯೆ ಲೆಕ್ಕ ಮೊದಲು ಹಿಡಿದವನು ಅಕ್ಕನ ಮೈದುನ, ಅದನ್ನು ಒಪ್ಪಿಕೊಳ್ಳಬೇಕು. ವರ್ತೂರಿನ ಕಡೆ ಅಪಾರ್ಟ್‌ಮೆಂಟ್ ಕಟ್ಟುವಲ್ಲಿ ಮೇಸ್ತ್ರಿ. ಭಾನುವಾರ ಬಂದು ಪುಕ್ಕಟೆ ಉಂಡು, ಬಾಗಿಲಲ್ಲಿ ಹಾಕಿದ್ದ ಮಂಚದ ಮೇಲೆ ಮಲಗಿ, ಕಾರನ್ನು ನೋಡುತ್ತಿದ್ದ. ಹೆಣ್ಣು ನೋಡಲು ಬಂದವನೂ ಅಷ್ಟು ಹೊತ್ತು ನೋಡುವುದಿಲ್ಲ. ಒಂದು ಭಾನುವಾರ, ಅಮಾವಾಸ್ಯೆ ಕಳೆದು ಎರಡು ದಿನವಾಗಿತ್ತು, ಗಾಜುಗಳು ಆಟ ಶುರು ಮಾಡಿದ್ದವು, ಅವನು ಉಣ್ಣುವವರೆಲ್ಲರ ಮುಂದೆ ಬಾಯಿ ಬಿಟ್ಟ.

“ವೈನಿ, ಅಣ್ಣ ಇದ್ದಾಗ ಹಿಂಗ ಆಗಿತ್ತೇನು? ಗಂಡ ಇಲ್ಲದಾಕಿ ಅಮಾಸಿಗೊಮ್ಮೆ ಕುಂಕುಮ ಮುಟ್ಟಿ ಗಾಡಿ ಪೂಜಿ ಮಾಡಿದ್ರ ಲಕ್ಷ್ಮಿ ಹೆಂಗ ಸುಮ್ನಿರ್ತಾಳ?”

“ಗಾಡಿ ಬೇಕಂತ ನೇರ ಕೇಳು ಸಾವ್ಕಾರ. ನಡುವ ಲಕ್ಷ್ಮೀನ್ನ ಯಾಕ ಎಳಕೊಂಡು ಬರ್ತಿ?”

“ನಾ ಅನ್ನೂದಲ್ಲ, ಅಪ್ಪನ ಅಂದಾನ. ಬರೋ ಅಮಾಸಿಗೂ ಹಿಂಗ ಆದ್ರ ಗಾಡಿ ನನ್ನ ಕೈಗೆ ಕೊಡಬೇಕಂತ.”

ಗಾಡಿ ಇನ್ನೂ ಸತ್ತ ಗಂಡನ ಹೆಸರಿನಲ್ಲೇ ಇತ್ತು. ಊರಿನಲ್ಲಿದ್ದ ಮಾವನ ಮಾತೇ ಆ ಮನೆಯಲ್ಲಿ ಕೊನೇ ಮಾತು. ಅಕ್ಕ ಒಳಗೆ ಹೋದಳು. ಆವತ್ತು ಅವಳೆಸೆದ ರೊಟ್ಟಿ ಗುರಿ ತಪ್ಪಿ ನನ್ನ ಸಾರಿನಲ್ಲಿ ಬಿತ್ತು. ಅಂಥದ್ದು ನಾನು ಕಂಡದ್ದು ಅದೇ ಮೊದಲು. ಉಂಡೇಳುವಾಗ ಬಾಗಿಲಿಗೆ ಅಡ್ಡ ನಿಂತಳು.

“ಲೇ ಇಂಜಿನೇರ, ಕಿಟಕಿ ನೋಡು.”

“ಅಕ್ಕಾ, ನಂದು ಪ್ಯಾನೆಲ್ ಕೆಲಸ. ಕಾರ್ ಬೇರೆ ಲೈನು.”

“ಕರೆಂಟ್ ಬ್ಯಾರೇನು?”

ಕರೆಂಟು ಬೇರೆಯಲ್ಲ. ರೂಮಿಗೆ ಹೋಗಿ ಮೀಟರ್ ತಂದೆ.

ನಿಜ ಹೇಳಬೇಕೆಂದರೆ ಅಮಾವಾಸ್ಯೆ ಅನ್ನುವ ಮಾತಿಗೆ ನನ್ನ ಡಿಗ್ರಿಗೇ ಸಿಟ್ಟು ಬಂದಿತ್ತು. ಚಂದ್ರ ಕಾಣದಿದ್ದರೆ ಕಾರಿನ ಮೋಟರಿಗೇನು ಬಾಧೆ? ಫ್ಯೂಸ್ ನೋಡಿದೆ, ಸರಿಯಿತ್ತು. ಹಿಂದಿನ ಬಾಗಿಲಿನ ಒಳಹಲಗೆ ಬಿಚ್ಚಿ ಮೋಟರಿಗೆ ಹೋಗುವ ವೈರಿಗೆ ಮೀಟರ್ ಹಿಡಿದೆ. ಅಕ್ಕನಿಗೆ ಕೀಲಿ ತಿರುಗಿಸಲು ಹೇಳಿದೆ, ಗುಂಡಿ ಮುಟ್ಟಬೇಡಿ ಅಂದೆ. ಯಾರೂ ಗುಂಡಿ ಒತ್ತದೆಯೇ ಮೋಟರಿಗೆ ಕರೆಂಟು ಬರುತ್ತಿತ್ತು. ಅಂದರೆ ಮೋಟರ್ ನಿರಪರಾಧಿ. ಗಾಜು ಇಳಿಸು ಅಂತ ಅದಕ್ಕೆ ಯಾರೋ ಸುಳ್ಳು ಹೇಳುತ್ತಿದ್ದರು. ಹೇಳುವ ಜಾಗ ಒಂದೇ, ಗೇರಿನ ಬುಡದ ಆ ಹಲಗೆ. ಬಗ್ಗಿ ನೋಡಿದೆ. ಸೀಟಿನ ಕೆಳಗಿಂದ ಇರುವೆಗಳು ಸಾಲಾಗಿ ಬಂದು ಗುಂಡಿಗಳ ಸಂದಿಯೊಳಗೆ ಇಳಿಯುತ್ತಿದ್ದವು. ಕರೆಂಟು ತಿನ್ನುವ ಇರುವೆಯನ್ನು ನಮಗೆ ಯಾವ ಸೆಮಿಸ್ಟರಿನಲ್ಲೂ ಕಲಿಸಿರಲಿಲ್ಲ.

ಹಲಗೆ ಮೀಟಿ ಎತ್ತಿದೆ. ಒಳಗೊಂದು ದೇವಸ್ಥಾನವಿತ್ತು. ಕುಂಕುಮ, ಅರಿಶಿನ, ನಾಲ್ಕು ಕಾಳು ಅಕ್ಷತೆ, ಕೊಳೆತ ಮಲ್ಲಿಗೆ ಎಸಳು, ಎಲ್ಲ ಸೇರಿ ಅಂಟು ಅಂಟು ಪಾಯಸ. ಹುಳಿ ಬಂದ ತೆಂಗಿನಕಾಯಿ ನೀರಿನ ವಾಸನೆ. ತಾಮ್ರದ ತುಂಡುಗಳು ಹಸಿರು ಹಿಡಿದಿದ್ದವು.

“ಅಕ್ಕಾ, ಪೂಜೆ ಹೆಂಗೆ ಮಾಡ್ತೀರ? ಒಂದ್ಸಲ ತೋರ್ಸಿ.”

ತೋರಿಸಿದಳು. ಗೇರಿನ ಗುಬುಟಿಗೆ ಕುಂಕುಮ, ಹೂವು. ಆಮೇಲೆ ಕಾಯಿ ಒಡೆದು ಆ ನೀರು ಗೇರಿನ ತಲೆಯ ಮೇಲೆ. “ಅವ್ರ ಕೈ ದಿನಾ ಇದರ ಮ್ಯಾಲ ಇರ್ತಿತ್ತು. ಅದಕ್ಕ ಇಲ್ಲೇ ಹಾಕ್ತೀನಿ” ಅಂದಳು. ಗಂಡ ಹೇಗೆ ಹಾಕುತ್ತಿದ್ದ ಅಂತ ಕೇಳಿದೆ. ಹೂವು ಅದ್ದಿ ಎರಡು ಹನಿ ಚಿಮುಕಿಸುತ್ತಿದ್ದನಂತೆ. ಅಕ್ಕನದು ಸಾರು ಬಡಿಸುವ ಕೈ. ಇಡೀ ಕಾಯಿಯನ್ನು ಬಗ್ಗಿಸುತ್ತಿದ್ದಳು. ನೀರು ಸಂದಿಯಲ್ಲಿಳಿದು ಒಂದು ಗುಂಡಿಯಿಂದ ಇನ್ನೊಂದಕ್ಕೆ ಸೇತುವೆ ಕಟ್ಟುತ್ತಿತ್ತು. ನಾಲ್ಕೈದು ದಿನಕ್ಕೆ ಒಣಗುತ್ತಿತ್ತು, ಮೆಕ್ಯಾನಿಕ್ಕು ಗೆಲ್ಲುತ್ತಿದ್ದ. ಗಾಜು ಕೆಟ್ಟಿತೆಂದು ಅಕ್ಕ ಮುಂದಿನ ಅಮಾವಾಸ್ಯೆಗೆ ಇನ್ನಷ್ಟು ಭಕ್ತಿಯಿಂದ ಇನ್ನೊಂದು ಕಾಯಿ ಸೇರಿಸುತ್ತಿದ್ದಳು.

ಪರೀಕ್ಷೆಯಲ್ಲಿ ರ‍್ಯಾಂಕ್ ಬಂದವನ ಹಾಗೆ ಎದ್ದುನಿಂತು ಹೇಳಿದೆ. “ಸಿಕ್ತಕ್ಕಾ ಕಾರಣ. ನಿಮ್ಮ ಪೂಜೇನೇ.”

ಮೈದುನ ಮಂಚದಿಂದ ಎದ್ದೇಬಿಟ್ಟ. “ಕೇಳಿದ್ಯಾ ವೈನಿ? ಓದಿದವನ ಬಾಯಾಗೂ ಅದ ಬಂತು.”

“ಅಣ್ಣಾ, ನೀರು. ಕಾಯಿ ನೀರಿಂದ ಶಾರ್ಟ್ ಆಗ್ತಾ ಐತೆ.”

“ನಾನೂ ಅದನ್ನ ಹೇಳೂದು. ಯಾರ ಕೈಲೆ ಬಿದ್ದ ನೀರು?”

ನಾನು ಹೇಳಿದ್ದು ಸರಿ, ಅವನು ಹೇಳಿದ್ದು ತಪ್ಪು, ಆದರೆ ಎರಡೂ ಮಾತು ಕೇಳಲು ಒಂದೇ ಥರ ಇದ್ದವು. ಅಕ್ಕ ಆ ಹಸಿರು ಹಿಡಿದ ಹಲಗೆಯನ್ನು ಕೈಯಲ್ಲಿ ಹಿಡಿದು, ಮೂಸಿ, ತಿರುಗಿಸಿ ನೋಡಿದಳು.

“ಇದನ್ನ ತಿಕ್ಕಿದ್ರ ಸರಿಯಾಗ್ತೈತಿ?”

“ಆಗ್ತೈತೆ.”

“ತಿಕ್ಕು.”

ಸ್ಪಿರಿಟ್ಟು, ಹಳೇ ಹಲ್ಲುಜ್ಜುವ ಬ್ರಷ್ಷು, ಉಪ್ಪುಕಾಗದ. ಬಿಸಿಲು ಇಳಿಯುವ ಹೊತ್ತಿಗೆ ನಾಲ್ಕೂ ಗಾಜು ಹೇಳಿದ ಮಾತು ಕೇಳಿದವು. ಮೈದುನ ಇಳಿಸಿ ಏರಿಸಿ ನೋಡಿ, “ಈಗ ನೆಟ್ಟಗ ಇರ್ತೈತಿ. ಅಮಾಸಿಗಿ ನೋಡೋಣ” ಅಂದ.

“ಹೌದು, ನೋಡೋಣ” ಅಂದಳು ಅಕ್ಕ. “ಈ ಸಲ ಪೂಜಿ ನೀನ ಮಾಡು. ಮನ್ಯಾಗ ಹೆಂಡ್ತಿ ಗಟ್ಟಿಮುಟ್ಟ ಅದಾಳ. ನಿನ್ನ ಕೈ ಶುದ್ಧ.”

ಅವನು ಅರಳಿದ. ಅವನು ಹೋದ ಮೇಲೆ ನಾನು ಜಗಳಕ್ಕೆ ನಿಂತೆ. ಏನಕ್ಕಾ ಇದು, ಗಾಡಿ ಅವನಿಗೇ ಬರೆದುಕೊಟ್ಟ ಹಾಗಾಯಿತಲ್ಲ ಅಂದೆ.

“ನೀ ಹೇಳಿದ ಮಾತು ಖರೆ ಐತೋ ಇಲ್ಲೋ?”

“ಖರೇನೇ.”

“ಡಿಗ್ರಿ ಖರೆ ಐತಿಲ್ಲೋ?”

“ಅದೂ ಖರೇನೇ.”

“ಹಂಗಾದ್ರ ಬಾಯಿ ಮುಚ್ಚು.”

ನನ್ನ ಡಿಗ್ರಿಯ ಮೇಲೆ ಯಾರೂ ಅಷ್ಟು ದೊಡ್ಡದನ್ನು ಪಣಕ್ಕಿಟ್ಟಿರಲಿಲ್ಲ. ಕೆಲಸ ಕೊಟ್ಟ ಕಂಪನಿಯವರೂ ಇಟ್ಟಿರಲಿಲ್ಲ. ಆ ತಿಂಗಳು ನನಗೆ ನಿದ್ದೆ ಕಡಿಮೆಯಾಯಿತು. ನಾನು ಎಲ್ಲಾದರೂ ತಪ್ಪಿದ್ದರೆ, ಹಲಗೆಯ ಹಿಂದೆ ಇನ್ನೇನೋ ದೋಷವಿದ್ದು ಅವನು ಪೂಜೆ ಮಾಡಿದ ಮೇಲೂ ಗಾಜು ನೆಟ್ಟಗಿದ್ದರೆ, ಅಕ್ಕನ ಗಾಡಿ ಹೋಗುತ್ತದೆ. ಲೋಕವೆಲ್ಲ ಗಾಜು ಸರಿಯಿರಲಿ ಅಂತ ಬೇಡಿದರೆ ನಾನು ಕೆಡಲಿ ಅಂತ ಬೇಡುತ್ತಿದ್ದೆ. ಡಬ್ಬಿ ಓಟ ಮಾತ್ರ ಧೂಳಿಲ್ಲದೆ ನಡೆಯಿತು.

ಅಮಾವಾಸ್ಯೆಯ ಬೆಳಿಗ್ಗೆ ಮೈದುನ ಬಿಳಿ ಅಂಗಿ, ಬಿಳಿ ಪ್ಯಾಂಟು ಹಾಕಿಕೊಂಡು ಬಂದ. ಕಾರು ತೊಳೆದು ನಿಲ್ಲಿಸಿತ್ತು. ಅಕ್ಕ ದೂರ ನಿಂತು ಒಂದೊಂದಾಗಿ ಕಾಯಿ ಕೊಡುತ್ತ ಹೋದಳು.

“ಎಲ್ಲಿ ಹಾಕ್ಲಿ ವೈನಿ?”

“ಅಲ್ಲೇ, ಗೇರಿನ ಮ್ಯಾಲ. ಕೈ ಬಿಗಿ ಹಿಡಿಬ್ಯಾಡ, ದೇವ್ರ ಕೆಲಸ.”

ಅವನು ಕೈ ಬಿಗಿ ಹಿಡಿಯಲಿಲ್ಲ. ಗಾಡಿ ತನ್ನದಾಯಿತು ಅನ್ನುವ ಸಂತೋಷದಲ್ಲಿ ಅಕ್ಕನಿಗಿಂತ ಒಂದು ಕೈ ಮೇಲಾಗಿಯೇ ಹುಯ್ದ. ಆಮೇಲೆ ಒಂದು ರೌಂಡ್ ಹೋಗಿ ಬರೋಣ ಅಂತ ಅಕ್ಕ ಕರೆದಳು. ಅವನು ಹಿಂದಿನ ಸೀಟಿನಲ್ಲಿ ಸಾಹೇಬರ ಹಾಗೆ ಕಾಲ ಮೇಲೆ ಕಾಲು ಹಾಕಿ ಕೂತ. ಮುಂದೆ ನಾನು, ಕೈಯಲ್ಲಿ ಅಕ್ಕನ ಫೋನು. ಊರಿಗೆ ಹಚ್ಚಿ ಸ್ಪೀಕರ್ ಹಾಕು ಅಂದಳು. ಹಾಕಿದೆ. ಆ ಕಡೆ ಮಾವ.

“ಮಾವಾರ, ನಿಮ್ಮ ಮಗ ಪೂಜಿ ಮಾಡ್ಯಾನ. ಗಾಡ್ಯಾಗ ಅದಾನ, ಮಾತಾಡ್ರಿ.”

ಬೊಮ್ಮನಹಳ್ಳಿ ಸಿಗ್ನಲ್ಲಿನವರೆಗೆ ಏನೂ ಆಗಲಿಲ್ಲ. ಅಪ್ಪ ಮಗ ಮಳೆ, ಜೋಳ, ಎಮ್ಮೆ ಅಂತ ಮಾತಾಡುತ್ತಿದ್ದರು. ಸಿಗ್ನಲ್ಲಿನಲ್ಲಿ ನಿಂತೆವು. ಪಕ್ಕದಲ್ಲಿ ಒಂದು ಕಸದ ಲಾರಿ ಬಂದು ನಿಂತಿತು, ತುಂಬಿ ಸೋರುತ್ತಿತ್ತು. ಆಗ ಯಾರೂ ಮುಟ್ಟದೆ, ಮೈದುನನ ಪಕ್ಕದ ಗಾಜು ಸರ್ರನೆ ಪೂರ್ತಿ ಇಳಿಯಿತು.

“ವೈನಿ, ಮುಚ್ಚು, ಮುಚ್ಚು.”

ಅಕ್ಕ ಗುಂಡಿ ಒತ್ತಿದಳು. ಎದುರು ಬದಿಯ ಗಾಜೂ ಇಳಿಯಿತು.

“ಏನೋ ಅದು ಸಪ್ಪಳ?” ಮಾವನ ದನಿ.

“ಲಾರಿ ಯಪ್ಪಾ. ಕಿಟಕಿ ಇಳಿದೈತಿ.”

“ಮ್ಯಾಲ ಏರಸು.”

“ಏರವಲ್ದು.”

ಫೋನಿನಲ್ಲಿ ಎಮ್ಮೆಯ ಕೊರಳ ಗಂಟೆ ಕೇಳಿಸಿತು, ಅದರ ಹಿಂದೆಯೇ ಮಾವನ ದನಿ.

“ಪೂಜಿ ಯಾರು ಮಾಡಿದ್ರು?”

ಮೈದುನ ಮೂಗು ಮುಚ್ಚಿಕೊಂಡಿದ್ದ. ಅದರ ಮಧ್ಯದಿಂದಲೇ ಹೇಳಿದ. “ನಾ.”

ಅಕ್ಕ ಕನ್ನಡಿಯಲ್ಲಿ ಅವನನ್ನು ನೋಡುತ್ತ ಫೋನಿನ ಕಡೆ ಬಗ್ಗಿದಳು. “ಕೇಳ್ರಿ ಮಾವಾರ. ಕಾಯಿನೀರಿಗಿ ಗಂಡ ಇದ್ದಾಕಿ ಯಾರು, ಇಲ್ಲದಾಕಿ ಯಾರು ಅಂತ ಗೊತ್ತಾಗಂಗಿಲ್ರಿ.”

ಸಿಗ್ನಲ್ ಬಿಟ್ಟಿತು. ಹಿಂದಿನವರು ಹಾರ್ನ್ ಹೊಡೆದರು. ಅಕ್ಕ ಕದಲಲಿಲ್ಲ.

“ಗಾಡಿ ನೀನ ಹೊಡಿಯವಾ” ಅಂದರು ಮಾವ. “ಆ ಮಗಂಗ ಇಳದು ಬಸ್ಸಿಗಿ ಹೋಗಂತ ಹೇಳು.”

ಅವನು ಇಳಿದ. ಬಿಳಿ ಅಂಗಿಯ ಮೇಲೆ ಲಾರಿಯ ಆಶೀರ್ವಾದ ಎರಡು ಮೂರು ಕಡೆ ಬಿದ್ದಿತ್ತು. ವಾಪಸ್ ಬರುತ್ತ ಅಕ್ಕ ನನಗೆ ಶಹಬ್ಬಾಸ್ ಅನ್ನುತ್ತಾಳೆ ಅಂತ ಕಾದೆ. “ಬ್ರಷ್ ಇಟ್ಟೀಯಿಲ್ಲೋ? ಮಧ್ಯಾಹ್ನ ಡಬ್ಬಿ ಒಯ್ಯಬೇಕು, ಜಲ್ದಿ ತಿಕ್ಕು” ಅಂದಳು.

ಮುಂದಿನ ಅಮಾವಾಸ್ಯೆಗೆ ನಾನು ಬೆಳಿಗ್ಗೆಯೇ ಒಂದು ಪ್ಲಾಸ್ಟಿಕ್ ಹಾಳೆ ಹಿಡಿದು ಹೋದೆ, ಗುಂಡಿಗಳ ಮೇಲೆ ಹೊದಿಸಲು. ಅಕ್ಕ ಅದನ್ನು ನೋಡಿ, “ಅದನ್ನ ನಿನ್ನ ತಲಿಗಿ ಹೊಚಗೋ” ಅಂದಳು. ಸ್ಟೀರಿಂಗಿಗೆ ಕುಂಕುಮ, ಗೇರಿಗೆ ಕುಂಕುಮ, ಮುಂದಿನ ಗಾಜಿಗೆ ಮಲ್ಲಿಗೆ ದಂಡೆ. ಕಾಯಿಯನ್ನು ಬಾಗಿಲ ಕಲ್ಲಿಗೆ ಹೊಡೆದಳು, ಸೀಳಿತು. ಅಕ್ಕ ಆ ಕಾಯಿಯನ್ನು ಗಾಡಿಯ ಕಡೆ ಒಯ್ಯಲಿಲ್ಲ. ಬೀದಿಯ ಮಧ್ಯೆ ನಿಂತು, ತಲೆ ಹಿಂದಕ್ಕೆ ಚೆಲ್ಲಿ, ಗಟಗಟ ತಾನೇ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಳ್ಳಹೋದವಳು ಬೆರಳಿಗೆ ಮೆತ್ತಿದ ಕುಂಕುಮ ಕಂಡು ತಡೆದಳು. ಅತ್ತಿತ್ತ ನೋಡಿದಳು. ಆಮೇಲೆ ಆ ಬೆರಳನ್ನು ತನ್ನ ಬರೀ ಹಣೆಗೆ ಒತ್ತಿ ಎಳೆದಳು.

ಫ್ಯಾಕ್ಟರಿಗೆ ಹೊರಟಿದ್ದ ಹೆಂಗಸರು ಊಟದ ಡಬ್ಬಿ ಹಿಡಿದುಕೊಂಡು ನಿಂತುಬಿಟ್ಟರು.

“ಏನ ನೋಡ್ತೀರಿ?” ಅಂದಳು ಅಕ್ಕ. “ಸೀರಿ ಹೊಸಾದೈತಿ. ಮತ್ತೆಲ್ಲಿ ಒರಸ್ಲಿ?”